ಹಸು ಬೆದೆಗೆ ಬರ್ತಿಲ್ವಾ? ಹಾರ್ಮೋನ್ ಇಂಜೆಕ್ಷನ್ ಹಾಕಿಸುವ ಮೊದಲು, ಹಾಕಿಸುವಾಗ, ಹಾಕಿಸಿದ ಮೇಲೆ

ಕರು ಹಾಕಿ ನಾಲ್ಕು ತಿಂಗಳಾಯ್ತು, ಹಸು ಇನ್ನೂ ಬೆದೆಗೆ ಬಂದಿಲ್ಲ. ಹಾಲು ದಿನದಿನಕ್ಕೆ ಇಳೀತಿದೆ, ಹಿಂಡಿ ಖರ್ಚು ಮಾತ್ರ ಹಾಗೇ ಇದೆ. ಇಂಥ ಹೊತ್ತಲ್ಲಿ ಸೋಮವಾರಪೇಟೆಯಿಂದ ಪೊನ್ನಂಪೇಟೆ ತನಕ ಕೇಳಿಬರುವುದು ಒಂದೇ ಮಾತು: "ಡಾಕ್ಟ್ರೇ, ಬೆದೆಗೆ ಬರೋಕೆ ಒಂದು ಇಂಜೆಕ್ಷನ್ ಹಾಕಿಬಿಡಿ."

ಇಂಜೆಕ್ಷನ್ ಇದೆ, ನಿಜ. ಒಂದಲ್ಲ, ಮೂರ್ನಾಲ್ಕು ಬಗೆ ಇವೆ. ಒಂದೊಂದರ ಕೆಲಸವೂ ಬೇರೆ. ಒಂದು ಹಸುವಿಗೆ ಮೂರೇ ದಿನದಲ್ಲಿ ಬೆದೆ ತರಿಸುವ ಔಷಧ ಪಕ್ಕದ ಹಸುವಿನ ಮೇಲೆ ಏನೂ ಮಾಡದೆ ಹೋಗಬಹುದು. ಮೂರನೆಯದು ಗಬ್ಬ ಇದ್ದರೆ ಅದೇ ಔಷಧದಿಂದ ಕಂದು ಹಾಕಬಹುದು. ಹಾಗಾಗಿ ಈ ಲೇಖನದಲ್ಲಿ ಇಂಜೆಕ್ಷನ್ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಅದಕ್ಕೂ ಮುಂಚಿನ ಕೆಲಸ ಸರಿಯಾಗಿ ಆದರೆ ಎಷ್ಟೋ ಹಸುಗಳಿಗೆ ಅದು ಬೇಕಾಗುವುದೇ ಇಲ್ಲ.

ಬೆದೆ ಬಂದಿಲ್ವಾ, ನಮಗೆ ಕಂಡಿಲ್ವಾ?

ಹಸುವಿನ ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. 18ರಿಂದ 24 ದಿನದ ಒಳಗೆ ಬಂದರೆ ಸರಿಯಾಗಿದೆ ಅಂತಲೇ ಲೆಕ್ಕ. ಬಂದ ಬೆದೆ ಇರುವುದು ಸಾಮಾನ್ಯವಾಗಿ 12ರಿಂದ 18 ಗಂಟೆ. ರಾತ್ರಿ ಶುರುವಾಗಿ ಬೆಳಿಗ್ಗೆ ನೀವು ಹಾಲು ಕರೆಯುವ ಹೊತ್ತಿಗೆ ಇಳಿಮುಖವಾಗಿದ್ದರೂ ಆಶ್ಚರ್ಯವಿಲ್ಲ.

ಕೊಡಗಿನಲ್ಲಿ ಬೆದೆ ತಪ್ಪಿಹೋಗುವ ಎರಡು ಕಾಲ ಇವೆ. ಒಂದು ಮಳೆಗಾಲ. ಜೂನ್‌ನಿಂದ ಕಕ್ಕಡ ಮಾಸ (ಜುಲೈ-ಆಗಸ್ಟ್) ಮುಗಿಯುವವರೆಗೆ ಹಸು ಕೊಟ್ಟಿಗೆಯಲ್ಲೇ ಕಟ್ಟಿಕೊಂಡಿರುತ್ತದೆ. ಇನ್ನೊಂದು ಹಸುವಿನ ಮೇಲೆ ಹತ್ತುವುದು, ಹತ್ತಿಸಿಕೊಂಡು ನಿಲ್ಲುವುದು ಹಗ್ಗದಲ್ಲಿ ಕಟ್ಟಿದ ಹಸುವಿನಲ್ಲಿ ಹೇಗೆ ಕಾಣಬೇಕು ಹೇಳಿ? ಇನ್ನೊಂದು ಕಾಫಿ ಕೊಯ್ಲು. ಅರೇಬಿಕಾ ಶುರುವಾಗಿ ರೊಬಸ್ಟಾ ಮುಗಿಯುವ ತನಕ ಮನೆಯವರೆಲ್ಲ ತೋಟದಲ್ಲಿ, ಕಣದಲ್ಲಿ. ಹಸುವಿನ ಕಡೆ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಹಾಗಾಗಿ ಮೊದಲ ಹೆಜ್ಜೆ ಇದು. ಒಂದು ಪೂರ್ತಿ ಸುತ್ತು, ಅಂದರೆ ಮೂರು ವಾರ, ಬೆಳಿಗ್ಗೆ ಐದಾರು ಗಂಟೆಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ, ಕೊಟ್ಟಿಗೆಯಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಹಿಂಡಿ ಹಾಕುವ, ಹಾಲು ಕರೆಯುವ ಹೊತ್ತು ಬೇಡ. ಆಗ ಹಸುವಿನ ಗಮನ ಬಕೆಟ್ ಮೇಲಿರುತ್ತದೆ. ಕೂಗುವುದು, ಪದೇಪದೇ ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ಯುವುದು, ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಬಾಲದ ಬುಡ ಒದ್ದೆಯಾಗಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಗಾಜಿನ ಹಾಗೆ ತಿಳಿಯಾದ ಲೋಳೆ ದಾರದಂತೆ ಇಳಿಬಿದ್ದಿರುವುದು ಬೆದೆಯ ಗುರುತು. ಹಸು ಮಲಗಿ ಎದ್ದ ಜಾಗದಲ್ಲೂ ಲೋಳೆ ಬಿದ್ದಿರುತ್ತದೆ, ಟಾರ್ಚ್ ಹಿಡಿದು ನೋಡಿ.

ಎರಡು ಹಸು ಇದ್ದರೆ ದಿನಕ್ಕೊಮ್ಮೆ ಬಿಚ್ಚಿ ಬಿಡಿ. ಕಾಫಿ ಕಣದ ಸಿಮೆಂಟ್ ಮೇಲೆ ಮಾತ್ರ ಬಿಡಬೇಡಿ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹತ್ತಲು ಹೋದ ಹಸು ಕಾಲು ಜಾರಿ ಬಿದ್ದರೆ ಸೊಂಟ ಹೋಯಿತೆಂದೇ ಅರ್ಥ. ಮಣ್ಣಿನ ನೆಲ ಅಥವಾ ಹುಲ್ಲಿರುವ ಬಾಣೆ ಒಳ್ಳೆಯದು.

ಬಾಲಕ್ಕೆ, ಹಿಂಭಾಗಕ್ಕೆ ಸ್ವಲ್ಪ ರಕ್ತ ಅಂಟಿದ್ದು ಕಂಡರೆ ಗಾಬರಿಯಾಗಬೇಡಿ. ಬೆದೆ ಮುಗಿದು ಎರಡು ಮೂರು ದಿನದಲ್ಲಿ ಎಷ್ಟೋ ಹಸುಗಳಲ್ಲಿ ಹೀಗಾಗುತ್ತದೆ. ಆ ದಿನ ಇನ್‌ಸೆಮಿನೇಷನ್ (ಕಡ್ಡಿಯಿಂದ ವೀರ್ಯ ಹಾಕಿಸುವುದು) ಮಾಡಿಸಿ ಪ್ರಯೋಜನವಿಲ್ಲ. ಆದರೆ ಅದು ಚಿನ್ನದಂಥ ಮಾಹಿತಿ: ನಿಮ್ಮ ಹಸು ಬೆದೆಗೆ ಬಂದಿತ್ತು, ನಿಮಗೆ ಕಾಣಲಿಲ್ಲ ಅಷ್ಟೇ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, 16ನೇ ದಿನದಿಂದಲೇ ಮುಂದಿನ ಬೆದೆಗೆ ಕಾಯಿರಿ. ಈ ಹಸುವಿಗೆ ಯಾವ ಹಾರ್ಮೋನೂ ಬೇಡ.

ಮೈಯಲ್ಲಿ ಕಸುವಿದೆಯಾ?

ಹಸುವನ್ನು ಪಕ್ಕದಿಂದ ನೋಡಿ. ಪಕ್ಕೆಲುಬು ದೂರದಿಂದಲೇ ಎಣಿಸುವಂತಿದ್ದರೆ, ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿದ್ದರೆ, ಅದರ ಮೈ ಇನ್ನೊಂದು ಗಬ್ಬಕ್ಕೆ ತಯಾರಾಗಿಲ್ಲ. ಮೈಸ್ಥಿತಿಗೆ 5ರಲ್ಲಿ ಅಂಕ ಕೊಡುವ ಪದ್ಧತಿ ಇದೆ. ಅದರಲ್ಲಿ 2.5ಕ್ಕಿಂತ ಕೆಳಗಿರುವ ಹಸುವಿಗೆ ಎಂಥ ದುಬಾರಿ ಹಾರ್ಮೋನ್ ಕೊಟ್ಟರೂ ಫಲ ತೀರಾ ಕಡಿಮೆ.

ನಮ್ಮ ಕಡೆ ಮಳೆಗಾಲದ ಹಸಿರು ಹುಲ್ಲು ನೋಡಲು ಚೆಂದ, ಒಳಗೆ ಇರುವುದು ಜಾಸ್ತಿ ನೀರು. ಹಸು ಹೊಟ್ಟೆ ತುಂಬಾ ತಿಂದರೂ ಶಕ್ತಿ ಸಾಲುವುದಿಲ್ಲ. ಒಣ ಭತ್ತದ ಹುಲ್ಲು ಜೊತೆಗಿರಲಿ. ಹಿಂಡಿಯ ಲೆಕ್ಕ ಸುಲಭ: ಮೈ ಕಾಯಲು ದಿನಕ್ಕೆ ಒಂದೂವರೆಯಿಂದ ಎರಡು ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಇಷ್ಟು ಮಳೆ ಬೀಳುವ ಹುಳಿಮಣ್ಣಿನಲ್ಲಿ ಬೆಳೆದ ಹುಲ್ಲನ್ನೇ ನಂಬಿದರೆ ಖನಿಜದ ಕೊರತೆ ಬರುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಉಪ್ಪು ಕೊಡಿ. ವಾರ ಕೊಟ್ಟು ಬಿಡುವುದಲ್ಲ, ಹಸು ಹಾಲು ಕೊಡುವಷ್ಟು ದಿನವೂ ಬೇಕು.

ಗದ್ದೆ ಬದಿಯಲ್ಲಿ, ತೋಡಿನ ಅಂಚಿನಲ್ಲಿ ಮೇಯುವ ಹಸುಗಳಿಗೆ ಪಿತ್ತಜನಕಾಂಗದ ಚಪ್ಪಟೆ ಹುಳ ಸೇರಿಕೊಳ್ಳುತ್ತದೆ. ನೀರಿನ ಬಸವನಹುಳುವಿನ ಮೂಲಕ ಹರಡುವ ಹುಳ ಇದು. ಸಾಮಾನ್ಯ ಜಂತುಹುಳು ಮಾತ್ರೆಗೆ ಎಲ್ಲ ಸಲ ಬಗ್ಗುವುದಿಲ್ಲ. ಸಗಣಿಯನ್ನು ಸಣ್ಣ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಔಷಧ ಕೇಳಿ. ಉಣ್ಣೆ ಕಾಟ ಇದ್ದರೆ ಅದನ್ನೂ ಮೊದಲೇ ನೋಡಿಕೊಳ್ಳಿ. ಉಣ್ಣೆ ಜ್ವರ ಬಂದು ರಕ್ತ ಕಡಿಮೆಯಾದ ಹಸು ತಿಂಗಳುಗಟ್ಟಲೆ ಬೆದೆಗೆ ಬರುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿ ಒಂದೂವರೆ ತಿಂಗಳು ಕಾಯಬೇಕು. ಇಲ್ಲೇ ಬಹಳ ಜನ ತಾಳ್ಮೆ ಕಳೆದುಕೊಳ್ಳುತ್ತಾರೆ. ಕರು ಹಾಕಿ 60 ದಿನ ಆಗುವ ಮೊದಲೇ ಇಂಜೆಕ್ಷನ್ ಕೇಳುವುದಂತೂ ಬೇಡವೇ ಬೇಡ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬಂದು, ಒಳಗೆ ಸ್ವಚ್ಛವಾಗಲು ಅಷ್ಟು ಸಮಯ ಬೇಕು.

ಮಿಶ್ರತಳಿ ಕಡಸಿನ ವಿಷಯದಲ್ಲಿ ವಯಸ್ಸಿಗಿಂತ ತೂಕ ಮುಖ್ಯ. ಸುಮಾರು 250 ಕೆಜಿ ಆಗದ ಕಡಸಿಗೆ ಹಾರ್ಮೋನ್ ಕೊಟ್ಟು ಗಬ್ಬ ಕಟ್ಟಿಸಿದರೆ ಈಯುವಾಗ ಕಷ್ಟಪಡುವುದು ಅದೇ. ಮಲೆನಾಡು ಗಿಡ್ಡ ಸಾಕುವವರು ಇನ್ನೂ ಎಚ್ಚರ ವಹಿಸಬೇಕು. ಸಣ್ಣ ಮೈಕಟ್ಟಿನ ಹಸುವಿಗೆ ದೊಡ್ಡ ಮೈಯ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ವೀರ್ಯ ಹಾಕಿಸಿದರೆ ಕರು ದೊಡ್ಡದಾಗಿ ಹೆರಿಗೆಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಗಿಡ್ಡಕ್ಕೆ ಗಿಡ್ಡದ ಹೋರಿಯೇ ಸರಿ.

ತಪಾಸಣೆ: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಪಶುವೈದ್ಯರು ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ಹಾಕಿ, ಗುದದ್ವಾರದ ಮೂಲಕ ಕೈ ಒಳಗೆ ಹಾಕಿ ನೋಡುತ್ತಾರೆ. ಕರುಳಿನ ತೆಳು ಗೋಡೆಯ ಆಚೆ ಗರ್ಭಕೋಶ, ಅದರ ಎರಡೂ ಬದಿಯಲ್ಲಿ ಒಂದೊಂದು ಅಂಡಾಶಯ ಕೈಗೆ ಸಿಗುತ್ತದೆ. ಸ್ಕ್ಯಾನಿಂಗ್ ಯಂತ್ರ ಇದ್ದರೆ ಇನ್ನೂ ಸ್ಪಷ್ಟ. ಮನೆಯವರಲ್ಲಿ ಒಬ್ಬರು ಹಸುವಿನ ಮುಂದೆ ನಿಂತು ಹಗ್ಗ ಹಿಡಿದು, ಇನ್ನೊಬ್ಬರು ಬಾಲ ಬದಿಗೆ ಸರಿಸಿಕೊಟ್ಟು, ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ.

ಒಂದು, ಗಬ್ಬ ಇದೆಯಾ? ಇದೇ ಮೊದಲ ಪ್ರಶ್ನೆ. ಎರಡು ತಿಂಗಳ ಹಿಂದೆ ಇನ್‌ಸೆಮಿನೇಷನ್ ಮಾಡಿಸಿದ್ದು ಮರೆತಿರಬಹುದು, ಮೇಯಲು ಬಿಟ್ಟಾಗ ಯಾರದ್ದೋ ಹೋರಿ ಹತ್ತಿರಬಹುದು. ಕೆಲವು ಹಸುಗಳು ಗಬ್ಬ ಇದ್ದೂ ಬೆದೆಯ ಹಾಗೆ ಆಡುತ್ತವೆ. ಎರಡು, ಗರ್ಭಕೋಶದಲ್ಲಿ ಕೀವು, ಸೋಂಕು ಇದೆಯಾ? ಮಾಸು ಬೀಳದೆ ಕಷ್ಟಪಟ್ಟ ಹಸುಗಳಲ್ಲಿ ಇದು ಜಾಸ್ತಿ. ಮೂರು, ಅಂಡಾಶಯದಲ್ಲಿ ಸಿಎಲ್ ಇದೆಯಾ? ಬೆದೆ ಆದ ಮೇಲೆ ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಹಳದಿ ಗಂಟನ್ನು ಡಾಕ್ಟರುಗಳು ಸಿಎಲ್ ಅನ್ನುತ್ತಾರೆ. ನಾಲ್ಕು, ನೀರುಗುಳ್ಳೆ (ಅಂಡ ಬಿಡದೆ ಹಾಗೇ ಉಳಿದುಹೋದ ಗುಳ್ಳೆ, ಸಿಸ್ಟ್) ಇದೆಯಾ, ಅಥವಾ ಅಂಡಾಶಯ ಸಣ್ಣದಾಗಿ ನುಣುಪಾಗಿ ಸುಮ್ಮನಿದೆಯಾ?

ಆಸ್ಪತ್ರೆ ದೂರ, ಹಸುವನ್ನು ಒಯ್ಯುವುದು ಕಷ್ಟ ಅನ್ನುವವರು 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೇಳಬಹುದು. ಹಾಲಿನ ಸೊಸೈಟಿ ಸದಸ್ಯರು ಸೊಸೈಟಿಯಲ್ಲೂ ವಿಚಾರಿಸಿ. ಒಂದೇ ಊರಿನ ನಾಲ್ಕೈದು ಮನೆಯವರು ಸೇರಿ ಒಂದೇ ದಿನ ತಪಾಸಣೆ ಇಟ್ಟುಕೊಂಡರೆ ಡಾಕ್ಟರಿಗೂ ಅನುಕೂಲ, ನಿಮಗೂ ಮುಂದಿನ ದಿನಗಳ ಲೆಕ್ಕ ಒಟ್ಟಿಗೆ ಸಿಗುತ್ತದೆ.

ಏನು ಸಿಕ್ಕಿತು ಅನ್ನುವುದರ ಮೇಲೆ ಔಷಧ

ಸಿಎಲ್ ಇದೆ, ಗಬ್ಬ ಇಲ್ಲ: ಇದು ಅತಿ ಸುಲಭದ ಹಸು. ಒಳಗೆ ಬೆದೆಯ ಚಕ್ರ ಓಡುತ್ತಿದೆ, ಹೊರಗೆ ಕಾಣುತ್ತಿಲ್ಲ. ಇದಕ್ಕೆ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಸಾಕು. ಕ್ಲೋಪ್ರೊಸ್ಟೆನಾಲ್ ಆದರೆ 500 ಮೈಕ್ರೋಗ್ರಾಂ, ಡೈನೋಪ್ರಾಸ್ಟ್ ಆದರೆ 25 ಮಿಲಿಗ್ರಾಂ ಹಸುವಿನ ಸಾಮಾನ್ಯ ಪ್ರಮಾಣ. ಅದು ಹಳದಿ ಗಂಟನ್ನು ಕರಗಿಸುತ್ತದೆ, ಎರಡರಿಂದ ಐದು ದಿನದೊಳಗೆ ಬೆದೆ ಬರುತ್ತದೆ. ಬೆದೆಯಾಗಿ ಮೊದಲ ಐದು ದಿನ ಈ ಗಂಟು ಇನ್ನೂ ಎಳೆಯದು, ಆಗ ಔಷಧ ಕೆಲಸ ಮಾಡುವುದಿಲ್ಲ. ಬೆದೆ ಕಾಣದಿದ್ದರೆ 11ರಿಂದ 14 ದಿನ ಬಿಟ್ಟು ಇನ್ನೊಂದು ಡೋಸ್ ಕೊಡುವುದು ಇದಕ್ಕೇ.

ಅಂಡಾಶಯ ನುಣುಪಾಗಿದೆ, ಏನೂ ಬೆಳೆದಿಲ್ಲ: ಇಲ್ಲಿ ಪ್ರೊಸ್ಟಾಗ್ಲಾಂಡಿನ್ ದಂಡ. ಕರಗಿಸಲು ಗಂಟೇ ಇಲ್ಲವಲ್ಲ! ಮೊದಲು ಮೇವು, ಖನಿಜ, ಹುಳದ ಔಷಧ. ಮೈ ತುಂಬಿದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನ್ ಇರುವ ಸಿಡರ್ ಮಾದರಿಯ ಸಾಧನ, ಅದರ ವಿವರ ಮುಂದೆ ಇದೆ.

ನೀರುಗುಳ್ಳೆ ಇದೆ: ಇಂಥ ಹಸು ಕೆಲವೊಮ್ಮೆ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಅಂಡ ಬಿಡಿಸುವ ಹಾರ್ಮೋನ್‌ಗಳಾದ ಜಿಎನ್‌ಆರ್‌ಎಚ್ ಅಥವಾ ಎಚ್‌ಸಿಜಿ ಇಂಜೆಕ್ಷನ್‌ನಿಂದ ಶುರು ಮಾಡುತ್ತಾರೆ. ಗುಳ್ಳೆಯನ್ನು ಕೈಯಿಂದ ಹಿಸುಕಿ ಒಡೆಯುವುದು ಹಳೇ ಪದ್ಧತಿ. ಅಂಡಾಶಯಕ್ಕೆ ಗಾಯವಾಗಿ ಸುತ್ತಲಿನ ಭಾಗ ಅಂಟಿಕೊಳ್ಳುವ ಅಪಾಯವಿದೆ, ಬೇಡ ಅನ್ನಿ.

ಕೀವು ಇದೆ: ಮೊದಲು ಅದಕ್ಕೆ ಚಿಕಿತ್ಸೆ. ಸಿಎಲ್ ಜೊತೆಗೆ ಕೀವು ತುಂಬಿದ್ದರೆ ಅಲ್ಲೂ ಪ್ರೊಸ್ಟಾಗ್ಲಾಂಡಿನ್ ಉಪಯೋಗಕ್ಕೆ ಬರುತ್ತದೆ, ಗರ್ಭಕೋಶದ ಬಾಯಿ ತೆರೆದು ಕೀವು ಹೊರಬರುತ್ತದೆ. ಆ ಬೆದೆಗೆ ಇನ್‌ಸೆಮಿನೇಷನ್ ಬೇಡ.

ದಿನ ಲೆಕ್ಕ ಹಾಕಿ ಇನ್‌ಸೆಮಿನೇಷನ್: ಓವ್‌ಸಿಂಕ್

ಬೆದೆ ನೋಡಲು ಆಗುವುದೇ ಇಲ್ಲ ಅನ್ನುವ ಮನೆಗೆ ಇದು ನಿಜವಾಗಿ ಉಪಕಾರಿ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಕ್ರಮ. ಬೆದೆಗೆ ಕಾಯದೆ, ಅಂಡ ಬಿಡುವ ಹೊತ್ತನ್ನೇ ನಾವು ನಿಗದಿ ಮಾಡುವುದು. ವಾರದ ದಿನದ ಲೆಕ್ಕದಲ್ಲಿ ಹೀಗೆ ಇಟ್ಟುಕೊಳ್ಳಿ:

1. ಸೋಮವಾರ ಸಂಜೆ 5 ಗಂಟೆ: ಜಿಎನ್‌ಆರ್‌ಎಚ್. ಬುಸೆರೆಲಿನ್ ಆದರೆ ಸಾಮಾನ್ಯವಾಗಿ 10 ಮೈಕ್ರೋಗ್ರಾಂ.
2. ಮುಂದಿನ ಸೋಮವಾರ ಸಂಜೆ 5 ಗಂಟೆ: ಪ್ರೊಸ್ಟಾಗ್ಲಾಂಡಿನ್.
3. ಆ ಬುಧವಾರ ಸಂಜೆ 5ರಿಂದ ರಾತ್ರಿಯೊಳಗೆ: ಮತ್ತೆ ಜಿಎನ್‌ಆರ್‌ಎಚ್. ಎರಡನೇ ಇಂಜೆಕ್ಷನ್ ಆಗಿ 48ರಿಂದ 56 ಗಂಟೆ.
4. ಗುರುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ: ಇನ್‌ಸೆಮಿನೇಷನ್. ಬೆದೆ ಕಂಡರೂ ಸರಿ, ಕಾಣದಿದ್ದರೂ ಸರಿ.

ಮೊದಲ ಇಂಜೆಕ್ಷನ್ ಬೆಳೆದ ಅಂಡದ ಗುಳ್ಳೆಯಿಂದ (ನೀರುಗುಳ್ಳೆ ಅಲ್ಲ) ಅಂಡ ಬಿಡಿಸಿ, ಹೊಸ ಗುಳ್ಳೆ ಬೆಳೆಯಲು ದಾರಿ ಮಾಡುತ್ತದೆ. ಏಳು ದಿನದಲ್ಲಿ ಹಳದಿ ಗಂಟು ಬಲಿಯುತ್ತದೆ, ಎರಡನೆಯದು ಅದನ್ನು ಕರಗಿಸುತ್ತದೆ. ಮೂರನೆಯದು ಹೊಸ ಅಂಡವನ್ನು ಹೊತ್ತಿಗೆ ಸರಿಯಾಗಿ ಬಿಡಿಸುತ್ತದೆ. ಅದಕ್ಕೇ ಒಂದು ದಿನ ಆಚೀಚೆ ಆದರೆ ಇಡೀ ಲೆಕ್ಕ ಕೆಡುತ್ತದೆ. "ಬುಧವಾರ ಸಂತೆಗೆ ಹೋಗಬೇಕಿತ್ತು, ಗುರುವಾರ ಹಾಕಿಸೋಣ" ಅಂದರೆ ಅಲ್ಲಿಗೆ ಮುಗೀತು. ಶುರು ಮಾಡುವ ಮೊದಲೇ ನಾಲ್ಕೂ ದಿನ ಡಾಕ್ಟರು, ಇನ್‌ಸೆಮಿನೇಷನ್ ಮಾಡುವವರು ಸಿಗುತ್ತಾರಾ ಕೇಳಿಕೊಳ್ಳಿ. ನಡುವೆ ಮದುವೆ, ಹುತ್ತರಿ ಹಬ್ಬ, ಸರ್ಕಾರಿ ರಜೆ ಬರುತ್ತದಾ ನೋಡಿ.

ನಡುವೆ ಯಾವತ್ತಾದರೂ ಹಸು ಸ್ಪಷ್ಟವಾಗಿ ಬೆದೆಗೆ ಬಂದರೆ ಅವತ್ತಿನ ಲೆಕ್ಕಕ್ಕೇ ಇನ್‌ಸೆಮಿನೇಷನ್ ಮಾಡಿಸಿ, ಉಳಿದ ಇಂಜೆಕ್ಷನ್ ಬಿಟ್ಟುಬಿಡಿ. ಮುಖ್ಯವಾಗಿ ಆಮೇಲೆ ಪ್ರೊಸ್ಟಾಗ್ಲಾಂಡಿನ್ ಕೊಡಿಸಬೇಡಿ.

ಫಲ ಎಷ್ಟು? ಒಂದು ಸುತ್ತಿಗೆ ಹತ್ತು ಹಸುಗಳಲ್ಲಿ ಮೂರ್ನಾಲ್ಕು ಗಬ್ಬ ನಿಂತರೆ ಸಾಮಾನ್ಯ ಫಲಿತಾಂಶ ಅಂತಲೇ ತಿಳಿಯಿರಿ. ನೂರಕ್ಕೆ ನೂರು ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಸಿಡರ್ ಇಡಿಸುವಾಗ

ಇದು ಪ್ರೊಜೆಸ್ಟೆರಾನ್ ತುಂಬಿದ, ಇಂಗ್ಲಿಷಿನ ಟಿ ಅಥವಾ ವೈ ಆಕಾರದ ಸಿಲಿಕೋನ್ ಸಾಧನ. ಯೋನಿಯೊಳಗೆ ಇಡುತ್ತಾರೆ, ಬಾಲದಂಥ ಒಂದು ದಾರ ಹೊರಗೆ ಇಳಿಬಿದ್ದಿರುತ್ತದೆ. ಇಡುವ ದಿನ ಜಿಎನ್‌ಆರ್‌ಎಚ್, ಏಳನೇ ದಿನ ಸಾಧನ ತೆಗೆದು ಪ್ರೊಸ್ಟಾಗ್ಲಾಂಡಿನ್, ಅಂಡಾಶಯ ಸುಮ್ಮನಿದ್ದ ಹಸುವಿಗೆ ಅದೇ ದಿನ ಅಂಡದ ಗುಳ್ಳೆ ಬೆಳೆಸುವ ಪಿಎಂಎಸ್‌ಜಿ ಹಾರ್ಮೋನ್ 400ರಿಂದ 500 ಯೂನಿಟ್, ಒಂಬತ್ತನೇ ದಿನ ಮತ್ತೆ ಜಿಎನ್‌ಆರ್‌ಎಚ್, ಮರುದಿನ ಇನ್‌ಸೆಮಿನೇಷನ್. ಇದು ಹೆಚ್ಚು ಬಳಕೆಯಲ್ಲಿರುವ ಒಂದು ಕ್ರಮ. ಹಸು ನೋಡಿ ಡಾಕ್ಟರು ಬದಲಿಸಬಹುದು.

ಇಡುವ ಮೊದಲು ಹಸುವಿನ ಹಿಂಭಾಗವನ್ನು ಬೆಚ್ಚಗಿನ ನೀರಿನಿಂದ ತೊಳೆದು ಒರೆಸಿ. ಸಗಣಿ ಒಳಗೆ ಹೋದರೆ ಸೋಂಕು ಖಂಡಿತ. ಹೊರಗಿನ ದಾರವನ್ನು ಪಕ್ಕದ ಹಸು ಕಚ್ಚಿ ಎಳೆದುಬಿಡುತ್ತದೆ, ಹಾಗಾಗಿ ಡಾಕ್ಟರಿಗೆ ಹೇಳಿ ಸ್ವಲ್ಪ ಗಿಡ್ಡ ಮಾಡಿಸಿ. ಏಳೂ ದಿನ ಬೆಳಿಗ್ಗೆ ದಾರ ಕಾಣುತ್ತಿದೆಯಾ ನೋಡಿ. ತೆಗೆಯುವಾಗ ಸ್ವಲ್ಪ ಮಂದವಾದ ಲೋಳೆ ಬಂದರೆ ಹೆದರಬೇಕಿಲ್ಲ. ಕೆಟ್ಟ ವಾಸನೆ, ಜಾಸ್ತಿ ಕೀವು ಬಂದರೆ ಹೇಳಿ. ತೆಗೆದ ಸಾಧನದಲ್ಲಿ ಇನ್ನೂ ಹಾರ್ಮೋನ್ ಉಳಿದಿರುತ್ತದೆ. ತೊಳೆದು ಇನ್ನೊಂದು ಹಸುವಿಗೆ ಇಡುವುದು ಬೇಡ, ತೋಡಿಗೆ ಎಸೆಯುವುದೂ ಬೇಡ, ಡಾಕ್ಟರ ಕೈಗೇ ಕೊಡಿ.

ಮನುಷ್ಯರಿಗೂ ಅಪಾಯವಿದೆ

ಇದನ್ನು ದಪ್ಪ ಅಕ್ಷರದಲ್ಲಿ ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಬೇಕು ಅನ್ನುವಷ್ಟು ಮುಖ್ಯ ಅಂತ ನನಗನಿಸುತ್ತದೆ. ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಗರ್ಭಿಣಿಯರಿಗೆ ಗರ್ಭಪಾತವಾಗುವ, ಅಸ್ತಮಾ ಇರುವವರಿಗೆ ಉಸಿರು ಕಟ್ಟುವ ಅಪಾಯವಿದೆ. ನಮ್ಮ ಮನೆಗಳಲ್ಲಿ ಕೊಟ್ಟಿಗೆ ಕೆಲಸ ಹೆಚ್ಚಾಗಿ ಹೆಂಗಸರದ್ದೇ ಅಲ್ವಾ? ಗರ್ಭಿಣಿಯರು, ಗರ್ಭಿಣಿ ಇರಬಹುದು ಎಂಬ ಅನುಮಾನ ಇರುವವರು, ಅಸ್ತಮಾ ಇರುವವರು ಈ ಬಾಟಲಿ, ಸಿರಿಂಜು ಮುಟ್ಟಲೇಬಾರದು. ಫ್ರಿಜ್‌ನಲ್ಲಿ ಹಾಲಿನ ಪಾತ್ರೆ ಪಕ್ಕದಲ್ಲಿ ಇಡಬಾರದು. ಕೈಮೇಲೆ ಚೆಲ್ಲಿದರೆ ತಕ್ಷಣ ಸೋಪು ನೀರಿನಲ್ಲಿ ತೊಳೆಯಿರಿ. ಆಕಸ್ಮಿಕವಾಗಿ ಸೂಜಿ ಚುಚ್ಚಿಕೊಂಡರೆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ.

ಒಂದು ಹಸುವಿಗೆ ಹಾಕಿದ ಸೂಜಿ ಇನ್ನೊಂದಕ್ಕೆ ಬೇಡ. ಉಣ್ಣೆಯಿಂದ ಬರುವ ರಕ್ತದ ರೋಗಗಳು ಸೂಜಿಯಿಂದಲೂ ದಾಟುತ್ತವೆ. ಇನ್ನು ಪಿಎಂಎಸ್‌ಜಿ, ಎಚ್‌ಸಿಜಿ ಥರದ ಔಷಧ ತಂಪಿನಲ್ಲೇ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟು ಇಲ್ಲದಿರುವುದು ನಮಗೆ ಹೊಸದಲ್ಲ. ಹಾಗಾಗಿ ಮೊದಲೇ ತಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬೇಕಾದ ದಿನವೇ ಐಸ್ ಇರುವ ಫ್ಲಾಸ್ಕಿನಲ್ಲಿ ಬರಲಿ.

ಹಾಲು ಕುಡಿಯಬಹುದಾ ಅಂತ ಕೇಳುವವರು ಬಹಳ. ಜಿಎನ್‌ಆರ್‌ಎಚ್, ಪ್ರೊಸ್ಟಾಗ್ಲಾಂಡಿನ್ ಹಸುವಿನ ಮೈಯಲ್ಲಿ ಬೇಗ ಒಡೆದುಹೋಗುತ್ತವೆ. ಆದರೂ ಬಾಟಲಿಯ ಲೇಬಲ್ ಮೇಲೆ ಹಾಲು ಬಿಡಬೇಕಾದ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ, ಸೊಸೈಟಿಗೆ ಹಾಕುವ ಹಾಲಿಗೂ ಅದೇ ನಿಯಮ.

ಇನ್‌ಸೆಮಿನೇಷನ್ ಆದ ಮೇಲೆ

ಬೆದೆ ಕಂಡು ಮಾಡಿಸುವುದಾದರೆ ಹಳೇ ಸೂತ್ರವೇ ಸಾಕು: ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ವೀರ್ಯದ ಕಡ್ಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೊರಬಂದು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇರಬೇಕು. ಡಿಸೆಂಬರ್, ಜನವರಿಯ ಮಡಿಕೇರಿ ಚಳಿಯಲ್ಲಿ ನಲ್ಲಿ ನೀರು ಸಾಲದು. ಇನ್‌ಸೆಮಿನೇಷನ್ ಮಾಡುವವರು ಬರುವ ಹೊತ್ತಿಗೆ ಒಲೆಯ ಮೇಲೆ ಬಿಸಿನೀರು ತಯಾರಿಡಿ, ಥರ್ಮಾಮೀಟರ್ ಅದ್ದಿ ನೋಡಲಿ. ಇದು ನೀವು ಮಾಡಬಹುದಾದ ಸಣ್ಣ ಸಹಾಯ, ಆದರೆ ಪರಿಣಾಮ ದೊಡ್ಡದು.

ಆಮೇಲೆ 18ರಿಂದ 24ನೇ ದಿನದವರೆಗೆ ಮತ್ತೆ ಬೆಳಿಗ್ಗೆ, ರಾತ್ರಿ ನೋಡಬೇಕು. ಬೆದೆಗೆ ಬರಲಿಲ್ಲ ಅಂದ ಮಾತ್ರಕ್ಕೆ ಗಬ್ಬ ಅಲ್ಲ. 60ರಿಂದ 75ನೇ ದಿನಕ್ಕೆ ಕೈ ಹಾಕಿಸಿ ಖಾತ್ರಿ ಮಾಡಿಕೊಳ್ಳಿ. ಸ್ಕ್ಯಾನಿಂಗ್ ಇದ್ದರೆ ಒಂದು ತಿಂಗಳಿಗೇ ಗೊತ್ತಾಗುತ್ತದೆ. ನಿಂತಿಲ್ಲ ಅಂದರೆ ಇನ್ನೊಂದು ಸುತ್ತು ಮಾಡಬಹುದು. ಎರಡು ಸುತ್ತಿಗೂ ನಿಲ್ಲದ ಹಸುವಿಗೆ ಮೂರನೇ ಸುತ್ತಿನ ದುಡ್ಡು ಸುರಿಯುವ ಬದಲು ಲೋಳೆ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಿ. ಒಮ್ಮೆ ಕಂದು ಹಾಕಿದ ಹಸುವಾದರೆ ಕಂದುರೋಗದ (ಬ್ರುಸೆಲ್ಲೋಸಿಸ್) ಪರೀಕ್ಷೆ ಕಡ್ಡಾಯವಾಗಿ ಆಗಲಿ, ಅದು ಮನುಷ್ಯರಿಗೂ ಬರುವ ರೋಗ.

ಯಾವ ತಿಂಗಳಲ್ಲಿ ಶುರು ಮಾಡಬೇಕು ಅನ್ನುವುದೂ ಯೋಚಿಸಬೇಕಾದ್ದೇ. ಗಬ್ಬದ ಅವಧಿ ಸುಮಾರು 280 ದಿನ. ಅಕ್ಟೋಬರ್‌ನಲ್ಲಿ ಕಟ್ಟಿದರೆ ಕರು ಬರುವುದು ಜುಲೈನ ಜಡಿಮಳೆಯಲ್ಲಿ, ಒದ್ದೆ ಕೊಟ್ಟಿಗೆಯಲ್ಲಿ ಎಳೆಗರುವಿಗೆ ಶೀತ, ಭೇದಿ ಎಲ್ಲ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಕಟ್ಟಿದರೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಕರು. ಆದರೆ ಕಟ್ಟಿಸುವ ಆ ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಸಮಯ, ಬೆದೆ ನೋಡಲು ಜನ ಇರುವುದಿಲ್ಲ. ದಿನ ಲೆಕ್ಕದ ಓವ್‌ಸಿಂಕ್‌ಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಹಾಗಂತ ಆಗಸ್ಟ್‌ನಲ್ಲಿ ತಾನಾಗಿ ಬೆದೆಗೆ ಬಂದ ಹಸುವನ್ನು ನಾಲ್ಕು ತಿಂಗಳು ಖಾಲಿ ಕಟ್ಟಿಹಾಕಬೇಡಿ. ಆ ನಷ್ಟಕ್ಕಿಂತ ಕೊಟ್ಟಿಗೆಯ ಒಂದು ಮೂಲೆ ಒಣಗಿಸಿ ಕರುವಿಗೆ ಜಾಗ ಮಾಡುವುದು ಅಗ್ಗ.

ಹಂದಿ ಸಾಕುವವರಿಗೆ

ಕೊಡಗಿನಲ್ಲಿ ಹಂದಿ ಸಾಕಣೆಯೂ ಇರುವುದರಿಂದ ಇಷ್ಟು ಹೇಳುತ್ತೇನೆ. ಮರಿ ಬಿಡಿಸಿದ ಹೆಣ್ಣು ಹಂದಿ ಸಾಮಾನ್ಯವಾಗಿ 4ರಿಂದ 7 ದಿನದಲ್ಲಿ ಬೆದೆಗೆ ಬರುತ್ತದೆ. ಬರದಿದ್ದರೆ ಮೊದಲು ಗಂಡು ಹಂದಿಯನ್ನು ದಿನಕ್ಕೆರಡು ಸಲ ಅದರ ಗೂಡಿನ ಎದುರು ತನ್ನಿ, ವಾಸನೆಗೇ ಎಷ್ಟೋ ಹಂದಿಗಳು ಬೆದೆಗೆ ಬರುತ್ತವೆ. ಅದಕ್ಕೂ ಬರದಿದ್ದರೆ ಪಿಎಂಎಸ್‌ಜಿ 400 ಯೂನಿಟ್ ಮತ್ತು ಎಚ್‌ಸಿಜಿ 200 ಯೂನಿಟ್ ಸೇರಿದ ಇಂಜೆಕ್ಷನ್ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಕೊಟ್ಟ ಮೇಲೆ ಮೂರನೇ ದಿನದಿಂದ ಬೆಳಿಗ್ಗೆ, ಸಂಜೆ ಸೊಂಟದ ಮೇಲೆ ಎರಡೂ ಕೈ ಊರಿ ಒತ್ತಿ ನೋಡಿ. ಕಿವಿ ನಿಮಿರಿಸಿ ಅಲುಗಾಡದೆ ನಿಂತರೆ ಅದೇ ಬೆದೆ. ಅವತ್ತೇ ಗಂಡು ಬಿಡಿ, ಹನ್ನೆರಡು ಗಂಟೆ ಬಿಟ್ಟು ಇನ್ನೊಮ್ಮೆ ಬಿಡಿ.